ಹಗಲು ಎಬ್ಬಿಸಿಟ್ಟರೆ ರಾತ್ರಿ ಮಲಗೀತೇ?

ಆಟಿ ತಿಂಗಳ ಜಡಿಮಳೆ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ತೋಟದ ಮನೆಯಿಂದ ಅತ್ತೆ, ಸೊಸೆ, ನಾಲ್ಕೂವರೆ ತಿಂಗಳ ಮಗು ನನ್ನ ಹತ್ತಿರ ಬಂದಿದ್ದರು, ಮಗುವಿನ ನಿದ್ದೆಯ ಬಗ್ಗೆ ಸಲಹೆ ಕೇಳಲು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸೊಸೆ ಕನ್ನಡ ಶಾಲೆಯಲ್ಲಿ ಟೀಚರ್. ಓಣಂ ರಜೆ ಮುಗಿದ ಮೇಲೆ ಕೆಲಸಕ್ಕೆ ಹೋಗಬೇಕು. ಮಾತಾಡುತ್ತಿದ್ದ ಹಾಗೆ ಅವರ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

"ರಾತ್ರಿ ಆರೇಳು ಸಲ ಏಳ್ತಾನೆ ಮೇಡಂ. ನನ್ನ ಹಾಲು ಸಾಲುದಿಲ್ಲ ಅಂತ ಕಾಣ್ತದೆ."

ಅತ್ತೆ ಹೇಳಿದರು: "ಹಗಲು ಮಲಗಿದರೆ ರಾತ್ರಿ ನಿದ್ದೆ ಎಲ್ಲಿಂದ ಬರ್ತದೆ? ಅದಕ್ಕೇ ಸಂಜೆ ಮಲಗಲಿಕ್ಕೆ ಬಿಡುದಿಲ್ಲ. ಸ್ವಲ್ಪ ರಾಗಿ ಮಣ್ಣಿ ಕೊಡುವ ಅಂದರೆ ಇವಳು ಕೇಳುದಿಲ್ಲ."

ಮೊದಲು ಕಾರ್ಡ್ ನೋಡಿದೆ. ತೂಕ ಚೆನ್ನಾಗಿ ಏರಿತ್ತು. ದಿನಕ್ಕೆ ಆರೇಳು ಸಲ ಮೂತ್ರ ಮಾಡುತ್ತಾನೆ. ಹಾಲು ಸಾಲುತ್ತಿದೆ ಅಂತಲೇ ಅರ್ಥ. ಆರು ತಿಂಗಳು ತುಂಬುವವರೆಗೆ ಮಣ್ಣಿಯೂ ಬೇಡ, ನೀರೂ ಬೇಡ ಎಂದೆ. ಆ ತಾಯಿಯ ಮುಖ ಅಲ್ಲಿಯೇ ಸ್ವಲ್ಪ ಸಡಿಲವಾಯಿತು.

ಮೂರು ದಿನ ಮಗು ಮಲಗಿದ್ದು, ಎದ್ದಿದ್ದು ಬರೆದು ತರಲು ಹೇಳಿದೆ. ಬರೆದದ್ದನ್ನು ಕೂಡಿಸಿದರೆ ದಿನಕ್ಕೆ ಹತ್ತು ಗಂಟೆ ನಿದ್ದೆ. ಈ ವಯಸ್ಸಿಗೆ ಹಗಲಿನದೂ ಸೇರಿ 12ರಿಂದ 16 ಗಂಟೆ ಬೇಕು. ಇವನು ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಎಚ್ಚರ. ಅಪ್ಪ ಅಂಗಡಿ ಮುಚ್ಚಿ ಬರುವಾಗ ಒಂಬತ್ತೂವರೆ, ಆಮೇಲೆ ಆಟ. ಕೊನೆಗೆ ಅಳು, ಸೀರೆಯ ತೊಟ್ಟಿಲು, ಜೋರಾಗಿ ತೂಗುವುದು.

ದೊಡ್ಡವರು ದಣಿದರೆ ಬಿದ್ದುಕೊಂಡು ಮಲಗುತ್ತೇವೆ. ಮಗು ಹಾಗಲ್ಲ. ದಣಿವು ಮೀರಿದರೆ ಮೈ ಸೆಟೆದುಕೊಳ್ಳುತ್ತದೆ, ರಂಪ ಮಾಡುತ್ತದೆ. "ಇವನಿಗೆ ನಿದ್ದೆ ಜಾಸ್ತಿಯಾಗಿ ಅಲ್ಲ, ಕಡಿಮೆಯಾಗಿಯೇ ರಾತ್ರಿ ಅಳುವುದು" ಎಂದಾಗ ಅತ್ತೆ ನಂಬಲಿಲ್ಲ. ಒಂದು ವಾರ ಮಾಡಿ ನೋಡಿ ಅಮ್ಮ, ಆಮೇಲೆ ಹೇಳಿ ಎಂದೆ.

ಇನ್ನೊಂದು ವಿಷಯ ತೊಟ್ಟಿಲು. ಮಗುವಿನ ನಿದ್ದೆ ಸುಮಾರು 50 ನಿಮಿಷಕ್ಕೊಮ್ಮೆ ತೆಳುವಾಗುತ್ತದೆ. ನಾವೂ ರಾತ್ರಿ ಹೀಗೆ ಅರೆ ಎಚ್ಚರಾಗಿ ಮಗ್ಗುಲು ಬದಲಿಸಿ ಮಲಗುತ್ತೇವೆ ಅಲ್ವಾ? ತೂಗಿಯೇ ನಿದ್ದೆ ಹೋದ ಮಗು ಆಗ ಮತ್ತೆ ತೂಗುವುದನ್ನೇ ಹುಡುಕುತ್ತದೆ. ಸೀರೆಯಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿಗೂ ಕಷ್ಟ. ಮಗುಚಲು ಶುರು ಮಾಡುವ ಮಗುವಿಗೆ ಅಪಾಯ ಇನ್ನೂ ಹೆಚ್ಚು. ತೊಟ್ಟಿಲಲ್ಲಿ ಮಲಗಿಸಿ ಬಿಡುವುದು ಬೇಡ ಅಂತ ಖಂಡಿತವಾಗಿ ಹೇಳಿದೆ.

ಆಮೇಲೆ ತಾಯಿಯನ್ನು ಮಾತ್ರ ಕೂರಿಸಿಕೊಂಡೆ. ಬಾಣಂತಿಯರ ಖಿನ್ನತೆ ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ. ಹಿಂದಿನ ಏಳು ದಿನ ಮನಸ್ಸು ಹೇಗಿತ್ತು ಅಂತ ಕೇಳುವ ಹತ್ತು ಪ್ರಶ್ನೆ. ಬಾಣಂತಿಯರ ನಿದ್ದೆಯ ದೂರು ಬಂದಾಗೆಲ್ಲ ನಾನು ಇದನ್ನು ಕೇಳಿಯೇ ಕೇಳುತ್ತೇನೆ. "ಮಗು ಮಲಗಿದಾಗ ನಿಮಗೆ ನಿದ್ದೆ ಬರ್ತದಾ?" ಎಂದೆ. "ಬರ್ತದೆ ಮೇಡಂ. ಆದರೆ ಆಗ ಬಟ್ಟೆ ಒಗೆಯಬೇಕು." ಮತ್ತೆ ಸಣ್ಣ ದನಿಯಲ್ಲಿ, ಒಂದು ರಾತ್ರಿ ಕುರ್ಚಿಯಲ್ಲಿ ಹಾಲು ಕೊಡುತ್ತಾ ನಿದ್ದೆ ಹೋದೆ, ಮಗು ಮಡಿಲಿಂದ ಜಾರಿತ್ತು ಎಂದರು. ಯಾರಿಗೂ ಹೇಳಿರಲಿಲ್ಲ. ಮಗು ಮಲಗಿದರೂ ನಿದ್ದೆ ಬರುವುದಿಲ್ಲ, ಬದುಕು ಬೇಡ ಅನಿಸುತ್ತದೆ ಎಂದಿದ್ದರೆ ಆ ದಿನವೇ ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇವರದು ಬರೀ ಆಯಾಸ. ಆದರೆ ಆ ಆಯಾಸವೇ ಮಗುವಿಗೂ ಅಪಾಯ.

ಹಾಗಾಗಿ ಮೊದಲ ಸಲಹೆ ಗಂಡನಿಗೆ, ಫೋನಿನಲ್ಲಿ. ರಾತ್ರಿ ಬಂದು ಮಗುವನ್ನು ಎಬ್ಬಿಸಬೇಡಿ. ಬೆಳಿಗ್ಗೆ ಆರರಿಂದ ಏಳೂವರೆ ಮಗು ನಿಮ್ಮದು, ಆಗ ಹೆಂಡತಿ ಮಲಗಲಿ. ಮಳೆಗಾಲದಲ್ಲಿ ತೋಟದೊಳಗಿನ ಮನೆ ಹಗಲೂ ಕತ್ತಲೆ. ಮಗುವಿಗೆ ಹಗಲು ಯಾವುದು, ರಾತ್ರಿ ಯಾವುದು ಅಂತ ತಿಳಿಯಬೇಕಾದರೆ ಬೆಳಕು ಕಾಣಬೇಕು. ಜಗಲಿಯಲ್ಲಿ ಎತ್ತಿಕೊಂಡು ಮಳೆ ತೋರಿಸಿದರೂ ಸಾಕು.

ಎದ್ದು ಒಂದೂವರೆ, ಎರಡು ಗಂಟೆಯಾದ ಕೂಡಲೇ ಮಗುವನ್ನು ಗಮನಿಸಿ. ಆಕಳಿಸುತ್ತದೆ, ಕಣ್ಣು ಉಜ್ಜುತ್ತದೆ, ಮುಖ ಆಚೆ ತಿರುಗಿಸುತ್ತದೆ. ಅಳು ಬರುವ ಮೊದಲೇ ಮಲಗಿಸಿ. ಸಂಜೆಯೂ ಒಂದು ಸಣ್ಣ ನಿದ್ದೆ ಇರಲಿ. ಏಳೂವರೆಗೆ ಟಿವಿ ಬಂದ್. ಮೈ ಒರೆಸಿ, ಹಾಲು ಕೊಟ್ಟು, ಅಜ್ಜಿ ಜೋಗುಳ ಹಾಡಲಿ. ಪೂರ್ತಿ ನಿದ್ದೆ ಹೋಗುವ ಮೊದಲು ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ದಿಂಬು, ದಪ್ಪ ಹೊದಿಕೆ ಬೇಡ. ಅತ್ತರೆ ಎತ್ತಿಕೊಳ್ಳಿ. ಸುಮ್ನೆ ಅಳಲು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ಮುಲುಗಿದರೆ ಮಾತ್ರ ಒಂದು ನಿಮಿಷ ಕಾದು ಎದೆಯ ಮೇಲೆ ಕೈಯಿಡಿ. ರಾತ್ರಿ ಹಸಿದರೆ ಹಾಲು ಕೊಡಲೇಬೇಕು, ಮಂದ ಬೆಳಕಲ್ಲಿ, ಮಾತಿಲ್ಲದೆ.

ಮೊದಲ ನಾಲ್ಕು ದಿನ ಏನೂ ಬದಲಾಗಲಿಲ್ಲ. ತೂಗದೆ ಮಲಗಿಸಲು ಮುಕ್ಕಾಲು ಗಂಟೆ ಬೇಕಾಯಿತು. ಎರಡನೇ ವಾರ ಶೀತವಾಗಿ ಎಲ್ಲ ತಲೆಕೆಳಗಾಯಿತು. ಮೂರು ವಾರದ ಮೇಲೆ ಬಂದಾಗ ಮಗು ಎಂಟಕ್ಕೆ ಮಲಗುತ್ತಿತ್ತು, ರಾತ್ರಿ ಎರಡು ಸಲ, ಕೆಲವೊಮ್ಮೆ ಮೂರು ಸಲ ಏಳುತ್ತಿತ್ತು. ಹಗಲಿನ ನಿದ್ದೆ ಮಾತ್ರ ಇನ್ನೂ ಅರ್ಧ ಗಂಟೆಯೇ. ಈ ವಯಸ್ಸಿಗೆ ಅದು ಸಹಜ, ತಿಂಗಳು ಕಳೆದ ಹಾಗೆ ಉದ್ದವಾಗುತ್ತದೆ ಎಂದೆ.

ಈಗ ಮಧ್ಯಾಹ್ನದ ನಿದ್ದೆಗೆ ಅಜ್ಜಿಯೇ ಮಲಗಿಸಿ ರೂಢಿ ಮಾಡುತ್ತಿದ್ದಾರೆ. ಆ ಹೊತ್ತಿಗೆ ತಾಯಿ ಒಳಕೋಣೆಯಲ್ಲಿ ಮಲಗುತ್ತಾರೆ. ಬಟ್ಟೆ ಸಂಜೆಗೆ.