ಎರಡನೇ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಬರಿದಾಗುವುದೇಕೆ?

ಪ್ರಶ್ನೆ: ವ್ಯಾನೊಂದನ್ನು ಕ್ಯಾಂಪರ್ ಆಗಿ ಮಾರ್ಪಡಿಸಿಕೊಂಡಿದ್ದೇವೆ. ಫ್ರಿಜ್, ಫ್ಯಾನ್, ದೀಪಗಳಿಗಾಗಿ ಹಿಂಬದಿಯಲ್ಲಿ 100 ಆಂಪಿಯರ್-ಅವರ್‌ನ ಎಜಿಎಂ (ಸೀಲ್ ಮಾಡಿದ ಲೆಡ್-ಆ್ಯಸಿಡ್ ಬಗೆಯ) ಬ್ಯಾಟರಿ ಇದೆ. ಎಂಜಿನ್ ಓಡುವಾಗ, ಅದನ್ನು ಮುಂಬದಿಯ ಎಂಜಿನ್ ಬ್ಯಾಟರಿಗೆ ಜೋಡಿಸುವ ರಿಲೇ (ತಾನಾಗಿ ಕೆಲಸ ಮಾಡುವ ಸ್ವಿಚ್) ಮೂಲಕ ಚಾರ್ಜ್ ಆಗುತ್ತದೆ. ಗೋಕರ್ಣ ತಲುಪಿ ಎಂಜಿನ್ ನಿಲ್ಲಿಸಿದಾಗ ಮೀಟರ್ 12.8 ವೋಲ್ಟ್ ತೋರಿಸುತ್ತದೆ, ಆದರೆ ನಸುಕಿಗೇ ಫ್ರಿಜ್ ನಿಂತುಹೋಗುತ್ತದೆ. ಬ್ಯಾಟರಿ ಬದಲಿಸಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಈಗಲೇ ಬದಲಿಸಬೇಡಿ. ನಿಮ್ಮ ಫ್ರಿಜ್ 45 ವಾಟ್‌ನದೆಂದು ಇಟ್ಟುಕೊಂಡರೆ, ಕರಾವಳಿಯ ಸೆಕೆಯಲ್ಲಿ ಅದು ಅರ್ಧ ಹೊತ್ತು ಓಡಿದರೂ ಹನ್ನೆರಡು ಗಂಟೆಗಳಲ್ಲಿ ಎಳೆಯುವುದು ಸುಮಾರು 23 ಆಂಪಿಯರ್-ಅವರ್. ಫ್ಯಾನು, ದೀಪ ಸೇರಿದರೆ 30 ಎನ್ನಿ. ಪೂರ್ತಿ ಚಾರ್ಜ್ ಆದ, ಸುಸ್ಥಿತಿಯಲ್ಲಿರುವ ಬ್ಯಾಟರಿ ಇಷ್ಟಕ್ಕೆ ಬರಿದಾಗದು. ಹಾಗಾಗಿ ಅದು ತುಂಬಿಯೇ ಇರಲಿಲ್ಲವೆಂಬುದು ನನ್ನ ಬಲವಾದ ಅನುಮಾನ.

ಚಾರ್ಜಿಂಗ್ ನಿಂತ ಕೂಡಲೇ ಕಾಣುವ ವೋಲ್ಟೇಜ್ ನಿಜಕ್ಕಿಂತ ಹೆಚ್ಚಾಗಿರುತ್ತದೆ. ಯಾವ ಲೋಡೂ ಇಲ್ಲದೆ ಕೆಲವು ಗಂಟೆ ಬಿಟ್ಟು ಅಳೆದಾಗ 12.7 ಆಸುಪಾಸಿದ್ದರೆ ಪೂರ್ತಿ, 12.2 ಇದ್ದರೆ ಅರ್ಧ ಎಂದು ತಿಳಿಯಬಹುದು. ಫ್ರಿಜ್ ಸದಾ ಓಡುವ ವ್ಯಾನಿನಲ್ಲಿ ಅಂಥ ಬಿಡುವೇ ಸಿಗದ ಕಾರಣ, ಒಳಬರುವ ಮತ್ತು ಹೊರಹೋಗುವ ಕರೆಂಟನ್ನು ಎಣಿಸುವ ಷಂಟ್ ಇರುವ ಮಾನಿಟರ್ ಹಾಕಿಸಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ ಷಂಟ್ ಒಂದನ್ನು ಬಿಟ್ಟು ಬೇರೇನೂ ಸೇರಿರಬಾರದು. ಇನ್ವರ್ಟರ್‌ನ ನೆಗೆಟಿವ್ ವೈರನ್ನು ನೇರವಾಗಿ ಅಲ್ಲಿಗೆ ಕಟ್ಟಿದರೆ ಅದು ಬಳಸುವ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಚಾರ್ಜಿಂಗ್. ಎಂಜಿನ್ ಓಡುತ್ತಿರುವಾಗ ಮುಂಬದಿಯ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಒಮ್ಮೆ, ಹಿಂದಿನದರಲ್ಲಿ ಒಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. ಅರ್ಧ ವೋಲ್ಟಿನಷ್ಟು ಅಂತರವಿದ್ದರೆ ತೊಂದರೆ ವೈರಿನಲ್ಲಿ ಅಥವಾ ಜೋಡಣೆಗಳಲ್ಲಿದೆ. ಹೋಗಿಬರುವ ದಾರಿ ಸೇರಿ ಹತ್ತು ಮೀಟರ್ ಉದ್ದದ, 6 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 30 ಆಂಪಿಯರ್ ಹರಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಎಜಿಎಂ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಸುಮಾರು 14.4 ವೋಲ್ಟ್ ಹಲವು ಗಂಟೆ ಸಿಗಬೇಕು. ಈಚಿನ ಎಷ್ಟೋ ವಾಹನಗಳಲ್ಲಿ ಮುಂಬದಿಯ ಬ್ಯಾಟರಿ ತುಂಬಿದೊಡನೆ ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗಿ ಕರೆಂಟು ಕೊಡುವ ಯಂತ್ರ) ತಾನಾಗಿಯೇ ವೋಲ್ಟೇಜ್ ಇಳಿಸಿಬಿಡುತ್ತದೆ. ನಿಮ್ಮದೂ ಹಾಗಿದ್ದರೆ ದಪ್ಪ ವೈರೊಂದೇ ಸಾಲದು, ರಿಲೇ ಬದಲಿಗೆ, ಬರುವ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ. ಈ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ಕಡೆ, ಟರ್ಮಿನಲ್‌ಗೆ ಆದಷ್ಟು ಹತ್ತಿರದಲ್ಲಿ, ಫ್ಯೂಸ್ ಇರಲೇಬೇಕು. ಇದರಲ್ಲಿ ದಯವಿಟ್ಟು ಉಳಿತಾಯ ನೋಡಬೇಡಿ, ಇದು ಬೆಂಕಿಯ ವಿಷಯ.

ಅರೆಬರೆ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಉಳಿದ ಬ್ಯಾಟರಿಯ ಪ್ಲೇಟುಗಳಲ್ಲಿ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಂದುವುದುಂಟು. ಆದ್ದರಿಂದ ಮನೆಯ ಕರೆಂಟಿನಲ್ಲಿ, ಎಜಿಎಂಗೆ ಹೊಂದುವ ಚಾರ್ಜರಿನಿಂದ ಒಂದು ರಾತ್ರಿಯಿಡೀ ಚಾರ್ಜ್ ಮಾಡಿ, ಮರುದಿನ ಸಂಜೆಯವರೆಗೆ ಎಲ್ಲ ವೈರ್ ಬಿಚ್ಚಿಟ್ಟು ಅಳೆಯಿರಿ. ಆಗಲೂ 12.5ಕ್ಕಿಂತ ಕೆಳಗಿದ್ದರೆ, ಅಥವಾ ಅಳತೆ ಸರಿಯಿದ್ದೂ ಫ್ರಿಜ್ಜೊಂದನ್ನೇ ಒಂದು ರಾತ್ರಿ ನಡೆಸಲಾಗದಿದ್ದರೆ, ಹೊಸ ಬ್ಯಾಟರಿ ತರಬಹುದು.