ಹಳೆ ಜೈಲಿನ ಜಾಗ ಅಗೆಯುವಾಗ ಪುರಾತತ್ವದವರು ಏನು ಮಾಡುತ್ತಾರೆ?

ಕಾರವಾರದ ಕಡೆ ಬ್ರಿಟಿಷ್ ಕಾಲದ ಜೈಲು ಕೆಡವಿ ಹೊಸದು ಕಟ್ಟುವುದಾದರೆ ಪುರಾತತ್ವದವರಿಗೆ ಅಲ್ಲೇನು ಕೆಲಸ ಎಂದು ಕೇಳಿದ್ದೀರಿ. ಸುಮ್ನೆ ನಿಂತು ನೋಡುವುದಲ್ಲ. ಜೆಸಿಬಿ ಪಕ್ಕದಲ್ಲೇ ಇದ್ದು ಮಣ್ಣನ್ನು ತೆಳ್ಳಗೆ, ಪದರ ಪದರವಾಗಿ ತೆಗೆಸುತ್ತಾರೆ. ಏನಾದರೂ ಕಂಡರೆ ಕೆಲಸ ನಿಲ್ಲಿಸಿ ಅಳತೆ, ಫೋಟೋ, ನಕ್ಷೆ. ಜಾಸ್ತಿ ಮಾಹಿತಿ ಸಿಗುವುದು ಚಿರೆಕಲ್ಲಿನ ಗೋಡೆಯಲ್ಲಲ್ಲ, ಹಳೆ ಚರಂಡಿ, ಕಕ್ಕಸುಗುಂಡಿ, ಬಾವಿಗಳಲ್ಲಿ. ಕೈದಿಗಳು ನಿಜವಾಗಿ ಏನು ತಿಂದರು ಎನ್ನುವುದನ್ನು ಜೈಲಿನ ರಿಜಿಸ್ಟರ್‌ಗಿಂತ ಅಲ್ಲಿ ಬಿದ್ದ ಮೀನಿನ ಮುಳ್ಳು, ಒಡೆದ ಮಡಕೆಯೇ ಸರಿಯಾಗಿ ಹೇಳಬಹುದು, ಅಲ್ವಾ?

ಅಗೆಯುವ ಮೊದಲು ಹಳೆ ನಕ್ಷೆ ಬೇಕು. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ಬೆಂಗಳೂರಿಗಿಂತ ಮೊದಲು ಮುಂಬೈಯಲ್ಲಿ ಹುಡುಕುವುದು ಒಳ್ಳೆಯದು. ಅಗೆತವಂತೂ ಜೂನ್ ಮಳೆಗೆ ಮುಂಚೆಯೇ ಮುಗಿಯಬೇಕು. ಆಮೇಲೆ ಗುಂಡಿ ತುಂಬಾ ನೀರೇ.