ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಪದೇ ಪದೇ ಶ್ರುತಿ ತಪ್ಪುವುದೇಕೆ?

ಬಹಳಷ್ಟು ಸಲ ಕಾರಣ ತಂತಿ ಬಿಗಿಮಾಡುವ ಬಿರಡೆಯಲ್ಲ, ನಟ್. ಅಂದರೆ ಗಿಟಾರಿನ ಕತ್ತಿನ ತುದಿಯಲ್ಲಿ 6 ತಂತಿಗಳೂ ಹಾದುಹೋಗುವ ಸಣ್ಣ ಪಟ್ಟಿ. ಅಗ್ಗದ ಗಿಟಾರಿನಲ್ಲಿ ಅದರ ಕಚ್ಚುಗಳು ಅಷ್ಟು ನಯವಾಗಿರುವುದಿಲ್ಲ. ನೀವು ತಂತಿಯನ್ನು ಬದಿಗೆ ಎಳೆದು ನುಡಿಸಿದಾಗ ಅದು ಕಚ್ಚಿನೊಳಗೆ ಸ್ವಲ್ಪ ಜಾರುತ್ತದೆ, ಬಿಟ್ಟ ಮೇಲೆ ಪೂರ್ತಿ ವಾಪಸ್ ಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಶ್ರುತಿ ಮಾಡುವಾಗ 'ಟಿಂಕ್' ಅಂತ ಸದ್ದು ಬಂತಾ? ಇದೇ ತೊಂದರೆ. ತಂತಿ ಸಡಿಲಿಸಿ, ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ, ಎಷ್ಟೋ ಸರಿಹೋಗುತ್ತದೆ. ಹೊಸ ತಂತಿಯಾದರೆ ಕೈಯಲ್ಲಿ ಮೆಲ್ಲಗೆ ಎಳೆದೆಳೆದು ಪಳಗಿಸಬೇಕು, ಅದು ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಇಷ್ಟು ಮಾಡಿ ನೋಡದೆ ಸುಮ್ನೆ ಬಿರಡೆ ಬದಲಿಸಲು ದುಡ್ಡು ಸುರಿಯಬೇಡಿ.